ಕರಡಿ ಮೇಷ್ಟ್ರು ಕಾಫಿ ಬಿಟ್ಟದ್ದು

ಬೆಳಗಿನ ಮೂರನೆಯ ಲೋಟದ ಕಾಫಿ ಇನ್ನೇನು ತುಟಿಗೆ ತಾಗಬೇಕು, ಅಷ್ಟರಲ್ಲಿ ಕರಡಿ ಮೇಷ್ಟ್ರ ಫೋನು ಹೊಡೆದುಕೊಂಡಿತು.

ಅವರು ಕರಡಿಯೂ ಅಲ್ಲ, ಮೇಷ್ಟ್ರೂ ಅಲ್ಲ. ಒಂದು ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಕರಡು ತಿದ್ದುವವರು. ತಪ್ಪು ಕಂಡಲ್ಲೆಲ್ಲ ಕೆಂಪು ಪೆನ್ನು ಎತ್ತುವ ಅವರ ಚಟ ನೋಡಿ ಜನ ಮೇಷ್ಟ್ರು ಮಾಡಿದರು. ಕರಡು ಎಂಬುದು ನಾಲಿಗೆಯಿಂದ ನಾಲಿಗೆಗೆ ಹಾರಿ ಕರಡಿಯಾಯಿತು. ಅದೊಂದನ್ನು ತಿದ್ದಲು ಮಾತ್ರ ಅವರಿಂದ ಆಗಲಿಲ್ಲ. ದಿನಕ್ಕೆ ಎಂಟು ಲೋಟ ಕಾಫಿ ಬೀಳದಿದ್ದರೆ ಅವರಿಗೆ ದೀರ್ಘವೂ ಕಾಣದು, ಕೊಂಬೂ ಕಾಣದು.

ಫೋನಿನಲ್ಲಿ ಇದ್ದವರು ಕ್ಲಿನಿಕ್ಕಿನ ನರ್ಸಮ್ಮ. ಹೋದ ವಾರ ಮೆಟ್ಟಿಲು ಹತ್ತುವಾಗ ಮೇಷ್ಟ್ರ ಎದೆ ಡವಡವ ಎಂದಿತ್ತು. ಡಾಕ್ಟರು ಹೇಳಿದ ಪರೀಕ್ಷೆಗಳನ್ನೆಲ್ಲ ಲ್ಯಾಬಿನಲ್ಲಿ ಮಾಡಿಸಿದ್ದೂ ಆಗಿತ್ತು. ವರದಿಯ ಲಕೋಟೆ ಎರಡು ದಿನಗಳಿಂದ ಅವರ ಚೀಲದಲ್ಲೇ ಇತ್ತು. ಬಿಚ್ಚಿ ನೋಡಲು ಧೈರ್ಯ ಸಾಲದೆ, ಡಾಕ್ಟರಿಗೂ ಲ್ಯಾಬಿನವರೇ ಒಂದು ಕಳಿಸಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡಿದ್ದರು.

“ರಿಪೋರ್ಟ್ ವಿಷ್ಯಕ್ಕೆ ಪೋನ್ ಮಾಡ್ದೆ ಸಾರ್. ಡಾಕ್ಟ್ರು ನಿಮ್ಗೆ ಕಾಪಿ ಬಿಡೋಕೆ ಹೇಳಿದಾರೆ. ಇವತ್ತು ಸಂಜೆಯೊಳಗೆ ಬಿಟ್ಬಿಡಿ, ಮರೀಬೇಡಿ” ಎಂದು ನರ್ಸಮ್ಮ ಫೋನು ಇಟ್ಟುಬಿಟ್ಟರು.

ನರ್ಸಮ್ಮನ ಬಾಯಲ್ಲಿ ಫೋನು ಪೋನು, ಫೀಸು ಪೀಸು. ಮೇಷ್ಟ್ರು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಕೆಂಪು ಪೆನ್ನು ಎತ್ತಿ, ಪ ಇದ್ದಲ್ಲೆಲ್ಲ ಫ ಮಾಡಿಕೊಂಡರು. ಅರ್ಥ ತಲೆಗಿಳಿದದ್ದು ಆಮೇಲೆ. ಲೋಟವನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು.

“ಡಾಕ್ಟ್ರು ಸಂಜೆಯೊಳಗೆ ಕಾಫಿ ಬಿಡಿ ಅಂದಿದಾರೆ ಅಂದ್ರೆ, ನನ್ನ ಎದೆ ನಾಳೆ ತನಕ ತಡ್ಯಲ್ಲ ಅಂತ ತಾನೆ?” ಎಂದು ಹೆಂಡತಿಯನ್ನು ಕೇಳಿದರು.

ಹೆಂಡತಿಯೂ ಕಾಫಿಯಲ್ಲಿ ಕಡಿಮೆಯವರಲ್ಲ. ದಿನಕ್ಕೆ ಐದು ಲೋಟ, ಅದರ ಹಿಂದೆಯೇ ಹತ್ತು ವರ್ಷದ ಎದೆಯುರಿ. ಬಿಡು ಮಾರಾಯ್ತಿ ಎಂದು ಮೇಷ್ಟ್ರು ಗೋಗರೆದಾಗಲೆಲ್ಲ, ಮೊದಲು ನೀವು ಬಿಡಿ, ಆಮೇಲೆ ನನಗೆ ಹೇಳಿ ಎಂದು ಬಾಯಿ ಮುಚ್ಚಿಸುತ್ತಿದ್ದರು. ಈ ದಿನ ಆಕೆ ಏನೂ ವಾದ ಮಾಡಲಿಲ್ಲ. ಗಂಡನ ಲೋಟ, ತನ್ನ ಲೋಟ ಎರಡನ್ನೂ ಒಯ್ದು ಸಿಂಕಿಗೆ ಸುರಿದರು. ಕಾಫಿ ಪಾತ್ರೆ ಅಟ್ಟ ಸೇರಿತು. ಪುಡಿಯ ಡಬ್ಬ ಎದುರು ಮನೆಗೆ ಹೋಯಿತು.

“ನೀವೊಬ್ರೇ ಯಾಕೆ ಒದ್ದಾಡ್ಬೇಕು? ನಾನೂ ಬಿಟ್ಟೆ” ಎಂದರು.

ಮೇಷ್ಟ್ರಿಗೆ, ಇಂಥ ಹೆಂಡತಿಯನ್ನು ಪಡೆಯಲು ತಾನು ಏನು ಪುಣ್ಯ ಮಾಡಿದ್ದೆನೋ ಅನ್ನಿಸಿತು. ಸಿಂಕಿನ ಕಡೆ ಒಮ್ಮೆ ನೋಡಿ, ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟರು.

ಎದುರು ಮನೆಯ ಅಕ್ಕ ಅದೇ ಮುದ್ರಣಾಲಯದಲ್ಲಿ ಬೈಂಡಿಂಗ್ ಮಾಡುವವರು. ಹಾಗಾಗಿ ಮೇಷ್ಟ್ರಿಗಿಂತ ಮೊದಲು ಸುದ್ದಿಯೇ ಅಲ್ಲಿ ಹಾಜರಾಗಿತ್ತು. ಮಾಲೀಕರು, ಕಾಫಿ ಅಂದರೆ ನಿಧಾನವಿಷ, ನಾನು ಎಂದೋ ಹೇಳಿದ್ದೆ ಎಂದರು. ಮೆಷಿನ್ ಓಡಿಸುವವನು, ತನ್ನ ಸೋದರಮಾವ ಕಾಫಿಯ ಮೇಲೆಯೇ ತೊಂಬತ್ತು ದಾಟಿದ್ದಾನೆ ಎಂದ. ಬೈಂಡಿಂಗ್ ಅಕ್ಕನದು ಮಾತ್ರ ಅನುಭವದ ಮಾತು: ಒಮ್ಮೆಲೇ ಬಿಟ್ಟವರಿಗೆ ಮೊದಲ ದಿನ ತಲೆನೋವು, ಎರಡನೆಯ ದಿನ ಸಿಡುಕು, ಮೂರನೆಯ ದಿನ ಮನೆಯವರು ದೂರ ನಿಲ್ಲುವುದು ಒಳ್ಳೆಯದು.

ಹನ್ನೊಂದು ಗಂಟೆಗೆ ಬರುವ ಕಾಫಿಯ ಫ್ಲಾಸ್ಕನ್ನು ಮೇಷ್ಟ್ರ ಎದುರು ಬಿಚ್ಚುವುದು ಪಾಪ ಎಂದು ಎಲ್ಲರೂ ಒಮ್ಮತಕ್ಕೆ ಬಂದರು. ಒಬ್ಬೊಬ್ಬರಾಗಿ ಕಾಗದದ ಹೊರೆಗಳ ಹಿಂದೆ ಹೋಗಿ, ಕಳ್ಳರ ಹಾಗೆ ಕುಡಿದು, ಬಾಯಿ ಒರೆಸಿಕೊಂಡು ಬಂದರು. ಪರಿಮಳಕ್ಕೆ ಅಡಗಿಕೊಳ್ಳಲು ಬರುವುದಿಲ್ಲವಲ್ಲ. ಅದು ನೆಟ್ಟಗೆ ಮೇಷ್ಟ್ರ ಮೇಜಿಗೇ ಬಂದು ಕೂತಿತು. ಹೊಟ್ಟೆ ಉರಿದರೂ, ತನಗಾಗಿ ಇಷ್ಟು ಜನ ಮರೆಗೆ ಹೋದರಲ್ಲ ಎಂದು ಅವರ ಕಣ್ಣು ತೇವವಾಯಿತು.

ಮಧ್ಯಾಹ್ನದ ಹೊತ್ತಿಗೆ ಮೆಷಿನ್ನು ಪಕ್ಕದ ಕೋಣೆಯಲ್ಲಲ್ಲ, ತಲೆಯೊಳಗೇ ಓಡುತ್ತಿತ್ತು. ಹಲ್ಲಿನ ಡಾಕ್ಟರೊಬ್ಬರ ಹೊಸ ಕ್ಲಿನಿಕ್ಕಿನ ಕರಪತ್ರ ಮುಂದೆ ಬಂತು. ಮೇಷ್ಟ್ರು ಅರೆಗಣ್ಣಲ್ಲಿ ಓದಿ, ಸರಿಯಿದೆ ಎಂದು ಸಹಿ ಹಾಕಿ ಕಳಿಸಿದರು. ಹತ್ತು ನಿಮಿಷದಲ್ಲಿ ಮೆಷಿನ್ನು ನಿಂತಿತು. ಓಡಿಸುವವನು ಹಾಳೆ ಹಿಡಿದು ಬಂದ.

“ಮೇಷ್ಟ್ರೇ, ಈ ಡಾಕ್ಟ್ರು ಗೋಡೆ ಮೇಲಿಂದ ಕೀಳ್ತಾರಾ?”

‘ನೋವಿಲ್ಲದೆ ಹಲ್ಲಿ ಕೀಳಲಾಗುವುದು’ ಎಂದಿತ್ತು. ಕೆಳಗಿನ ಸಾಲಿನಲ್ಲಿ ‘ಹುಳುಕು ಹಲ್ಲಿಗೆ ಸಿಮೆಂಟು’ ಎಂದಿತ್ತು. ಅದು ಸರಿಯಾಗಿಯೇ ಇತ್ತು, ಆದರೆ ಮೇಲಿನದನ್ನು ಓದಿ ಬಂದವರಿಗೆ ಅದೂ ಹಲ್ಲಿಯೇ.

ನಿನಗೆ ಓದಲು ಬರುವುದಿಲ್ಲ ಎಂದು ಮೇಷ್ಟ್ರು ಈ ಮನುಷ್ಯನನ್ನು ಎಷ್ಟು ಸಲ ಹಂಗಿಸಿದ್ದರೋ ಲೆಕ್ಕವಿಲ್ಲ. ಅವನು ಈಗ ಐವತ್ತೇ ಹಾಳೆ ಹೋಗಿದೆ, ಮಾಲೀಕರಿಗೆ ಗೊತ್ತಾಗುವುದಿಲ್ಲ ಎಂದು ಮೆಲ್ಲಗೆ ಹೇಳಿದ. ಮೇಷ್ಟ್ರು ಅವನ ಎರಡೂ ಕೈ ಹಿಡಿದುಕೊಂಡರು. “ನನ್ನ ಮಾನ ಉಳಿಸಿದ್ಯಪ್ಪಾ” ಎಂದರು. ಬೈಂಡಿಂಗ್ ಅಕ್ಕ ಅವರ ಮುಖ ನೋಡಿ, ಮಾಲೀಕರಿಗೆ ಏನೋ ಹೇಳಿ ರಜೆ ಕೊಡಿಸಿ, ಮೊದಲು ಡಾಕ್ಟರ ಹತ್ತಿರ ಹೋಗಿ ಎಂದು ಅಟ್ಟಿದರು.

ಕ್ಲಿನಿಕ್ಕಿನ ಬಾಗಿಲಲ್ಲೇ ನರ್ಸಮ್ಮ ಕೈ ಚಾಚಿದರು.

“ಕಾಪಿ ಎಲ್ಲಿ ಸಾರ್?”

“ಬಿಟ್ಟೆನಮ್ಮಾ. ಬೆಳಿಗ್ಗೆನೇ ಬಿಟ್ಟೆ.”

“ಎಲ್ಲಿ ಬಿಟ್ರಿ? ಇಲ್ಲಿಗೆ ಬಂದೇ ಇಲ್ವಲ್ಲ.”

“ಮನೇಲಿ.”

“ಮನೇಲಿ ಬಿಟ್ರೆ ಡಾಕ್ಟ್ರು ಹೇಗೆ ನೋಡ್ತಾರೆ?”

ನರ್ಸಮ್ಮನ ಬೆರಳು ಮೇಷ್ಟ್ರ ಚೀಲದಿಂದ ಇಣುಕುತ್ತಿದ್ದ ಲಕೋಟೆಯ ಕಡೆ ತಿರುಗಿತು. “ರಿಪೋರ್ಟಿಂದು ಒಂದು ಕಾಪಿ ಸಾರ್. ಡಾಕ್ಟ್ರಿಗೆ.”

ಮೇಷ್ಟ್ರು ಲಕೋಟೆಯನ್ನು ತೆಗೆದು ನರ್ಸಮ್ಮನ ಕೈಗಿಟ್ಟರು. ಮುದ್ರಣಾಲಯದಲ್ಲಿ ದಿನಕ್ಕೆ ನೂರು ಸಲ ಕಾಪಿ, ಕಾಪಿ ಎನ್ನುವ ಮನುಷ್ಯ, ಸರಿಯಿದ್ದ ಅಕ್ಷರವನ್ನು ತಿದ್ದಿ ಕೆಡಿಸಿಕೊಂಡಿದ್ದರು. ಲಕೋಟೆಯಲ್ಲಿ ಎರಡು ಕಾಪಿ ಇದ್ದವು. ಡಾಕ್ಟರು ಒಂದನ್ನು ಪೂರ್ತಿ ಓದಿ, ಹೃದಯ ಗಟ್ಟಿಯಾಗಿದೆ ಎಂದರು. ಎಂಟು ಲೋಟ ಅತಿಯಾಯಿತು, ಡವಡವ ಅದರದ್ದೇ. ಬೆಳಿಗ್ಗೆ ಒಂದು, ಸಂಜೆ ಒಂದು ಧಾರಾಳವಾಗಿ ಕುಡಿಯಿರಿ ಎಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಮೇಷ್ಟ್ರು ಡಾಕ್ಟರಿಗೆ, ನರ್ಸಮ್ಮನಿಗೆ, ಬಾಗಿಲು ತೆರೆದವರಿಗೆ, ಎಲ್ಲರಿಗೂ ಕೈ ಮುಗಿದರು.

ದಾರಿಯಲ್ಲಿ ಎರಡು ಹೋಟೆಲು ಸಿಕ್ಕವು. ಮೇಷ್ಟ್ರು ಒಳಗೆ ಹೋಗಲಿಲ್ಲ. ಮರುಹುಟ್ಟಿನ ಮೊದಲ ಲೋಟ ಹೆಂಡತಿಯ ಕೈಯಿಂದಲೇ ಆಗಬೇಕು ಎಂದು ಹೆಚ್ಚುಕಡಿಮೆ ಓಡಿದರು.

ಹೆಂಡತಿ ಜಗಲಿಯಲ್ಲಿ ತಲೆಗೆ ಬಟ್ಟೆ ಬಿಗಿದುಕೊಂಡು ಕೂತಿದ್ದರು. ಮುಖ ಮಾತ್ರ ಅರಳಿತ್ತು. ತಲೆ ಸಿಡಿಯುತ್ತಿದೆ, ಆದರೆ ಎದೆ ತಣ್ಣಗಿದೆ ಎಂದರು. ಊಟವಾದ ಮೇಲೆ ಉರಿ ಏಳಲಿಲ್ಲವಂತೆ. ಹತ್ತು ವರ್ಷದಲ್ಲಿ ಮೊದಲ ಸಲ ಮಧ್ಯಾಹ್ನ ಮಲಗಿ ನಿದ್ದೆ ಮಾಡಿದರಂತೆ.

“ನಿಮ್ಮಿಂದ ಆಯ್ತು ರೀ. ನೀವು ಬಿಡದೆ ಇದ್ದಿದ್ರೆ ನಾನು ಜನ್ಮದಲ್ಲಿ ಬಿಡ್ತಿರ್ಲಿಲ್ಲ” ಎಂದು, ಬಾರ್ಲಿ ನೀರಿನ ಲೋಟವನ್ನು ಗಂಡನ ಕೈಗಿಟ್ಟರು. “ಡಾಕ್ಟ್ರು ಏನಂದ್ರು?”

ಮೇಷ್ಟ್ರ ಕೈ ಜೇಬಿನ ಚೀಟಿಯವರೆಗೆ ಹೋಗಿ ಅಲ್ಲೇ ನಿಂತಿತು. ಬಾರ್ಲಿ ನೀರನ್ನು ಒಂದು ಗುಟುಕು ಕುಡಿದರು. ಒದ್ದೆ ಕಾಗದದ ರುಚಿ ಇತ್ತು.

“ಕಾಪಿ ಬಿಡಿ ಅಂದ್ರು” ಎಂದರು. “ಬಿಟ್ಟು ಬಂದೆ.”

ಹೆಂಡತಿಗೆ ಅದು ಕಾಫಿ ಎಂದೇ ಕೇಳಿಸಿತು. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ಕರಡಿ ಮೇಷ್ಟ್ರು ಕಣ್ಣೆದುರಿಗಿದ್ದ ತಪ್ಪೊಂದನ್ನು ಗೊತ್ತಿದ್ದೂ ತಿದ್ದದೆ ಬಿಟ್ಟರು.