ಫ್ರಿಜ್ಜಿನ್ಯಾಗ ಬಿಯರು, ಬಿಯರಿನ್ಯಾಗ ಸೆರಗು

ನನ್ನ ಹಣೇಬರಾನ ಹಿಂಗ ನೋಡ್ರಿ. ಏನರ ಗುಟ್ಟಾಗಿ ಮಾಡಾಕ ಹೋದ್ರ ಅದು ಮೊದಲು ನಮ್ಮವ್ವನ ಕಣ್ಣಿಗೇ ಬೀಳ್ತೈತಿ. ಇಲಕಲ್ಲಿನ್ಯಾಗ ನಮ್ದು ಸೀರಿ ನೇಯೋ ಮನಿ. ಅವ್ವಗ ಕುಡುಕರ ನೆಳ್ಳು ಕಂಡ್ರೂ ಆಗೂದಿಲ್ಲ. ಅಂಥಾ ಮನ್ಯಾಗ ನಾ ಬಿಯರ್ ಮಾಡಾಕ ಹೊಂಟಿದ್ನಿ! ಗೊತ್ತಾದ್ರ ಹೊರಗ ಹಾಕೋದು ಖರೆ.

೧. ಹುಲ್ಲಿನ ವಾಸನಿ

ಕಲಿಸಿದವ ಬದಾಮಿ ಗೆಳೆಯ, ಫೋನಿನ್ಯಾಗ. ಬಿಯರ್ ಹುಳಿ ಬಂದು ನಿಂತ ಮ್ಯಾಲ ಹಾಪ್ಸ್ ಅನ್ನೋ ಹೂವಿನ ಹಸರು ಗುಳಿಗಿ ಹಾಕಬೇಕು, ಕುದಸಬಾರ್ದು, ಘಮಾ ಬರ್ತೈತಿ ಅಂದ. ಹಾಕಿ ಅಟ್ಟದ ಮ್ಯಾಲಿಟ್ನಿ. ಬಿರುಬ್ಯಾಸಗಿ. ಮೂರು ದಿನಕ್ಕ ಮುಚ್ಚಳ ತಗದ್ರ, ಎಪ್ಪಾ, ದನದ ಕೊಟಗಿ ವಾಸನಿ!

"ತಂಪಿನ್ಯಾಗ ಇಡಬೇಕಲೇ!" ಅಂತ ಗೆಳೆಯ ಫೋನಿನ್ಯಾಗ ಬೈದ.

"ಇಲಕಲ್ಲಿನ್ಯಾಗ ತಂಪು ಎಲ್ಲೈತಿ ಹೇಳು, ಮೊದಲು ನಾನ ಹೋಗಿ ಅಲ್ಲಿ ಕುಂದರ್ತೇನಿ" ಅಂದ್ನಿ.

೨. ಕೆಮ್ಮಿನ ಕಷಾಯ

ತಂಪು ಇದ್ದದ್ದು ಅವ್ವನ ಫ್ರಿಜ್ಜಿನ್ಯಾಗ ಮಾತ್ರ. ಆದ್ರ ಅದು ಭಾಳ ಥಂಡಿ, ಗೆಳೆಯ ಹೇಳಿದ್ದು ಹದಾ ತಂಪು. ಹೊಸಾ ಬಿಯರಿನ ಸ್ಟೀಲ್ ಕ್ಯಾನು ಒಳಗಿಟ್ಟು, ಥಂಡಿ ಕಡಿಮಿ ಆಗೋ ಹಂಗ ಗುಂಡಿ ತಿರುವಿದ್ನಿ. ಮರುದಿನ ಅವ್ವನ ಹಾಲೆಲ್ಲಾ ಒಡದು ಹೋತು. ಆಕಿ ಮೆಕ್ಯಾನಿಕನ್ನ ಕರಸಿದ್ಲು.

"ಅವ್ವಾರ, ಫ್ರಿಜ್ ಛಲೋ ಐತಿ, ಯಾರೋ ಗುಂಡಿ ತಿರುವ್ಯಾರ. ಈ ಕ್ಯಾನಿನ್ಯಾಗ ಏನೈತ್ರಿ?"

ನಾ ನಡುವ ಬಾಯಿ ಹಾಕಿದ್ನಿ. "ಕಷಾಯ! ಕೆಮ್ಮಿಗೆ!" ಅಂದ್ನಿ.

ಅವ ಮುಚ್ಚಳ ಮೂಸಿ, ಸಣ್ಣಗ ನಕ್ಕ. "ಸಾವ್ಕಾರ್ರ, ನನಗೂ ಕೆಮ್ಮೈತ್ರಿ."

೩. ಕೆಂಪು

ಹಾಪ್ಸ್ ಗುಳಿಗಿ ಕರಗಿ ರಾಡಿ ಆಗಬಾರ್ದಂತ ಆ ಕ್ಯಾನಿನ್ಯಾಗ ಅರಬಿ ತುಂಡಿನ್ಯಾಗ ಗಂಟು ಕಟ್ಟಿ ಬಿಟ್ಟಿದ್ನಿ. ನೇಕಾರ ಮನ್ಯಾಗ ಅರಬಿಗೇನು ಬರ? ಮಗ್ಗದ ಬುಡಕ ಬಿದ್ದಿದ್ದ ಕೆಂಪು ಸೆರಗಿನ ತುಂಡು. ನಮ್ಮ ಬಣ್ಣ ಪಕ್ಕಾ, ಅವ್ವ ಗಿರಾಕಿಗೆ ಹೇಳೂದೂ ಹಂಗ: "ಹತ್ತು ವರ್ಷ ತೊಳೀರಿ, ಬಣ್ಣ ಬಿಟ್ರ ತಂದು ನನ್ನ ಮಾರಿಗೆ ಒಗೀರಿ."

ಮೂರನೇ ದಿನ ಅಡಗಿಮನ್ಯಾಗ ಅವ್ವ ಚಿಟ್ಟನ ಚೀರಿದ್ಲು. ಓಡಿದ್ನಿ. ಕ್ಯಾನಿನ ಬಾಯಿ ತಗದಾಳ. ಒಳಗ ಬಿಯರು ಕುಂಕುಮದ ನೀರಿನಂಗ ಕೆಂಪ!

"ಇದು ಕುಡುಕರು ಕುಡಿಯೋ ಸೆರಿ ಹೌದಲ್ಲೋ?"

ಕಾಲಿಗೆ ಬಿದ್ನಿ. "ತಪ್ಪಾತಬೇ ಯವ್ವಾ!"

ಆಕಿ ನನ್ನ ಕಡೆ ನೋಡಲೇ ಇಲ್ಲ. ಗಂಟು ಎತ್ತಿ ಬೆಳಕಿಗೆ ಹಿಡದ್ಲು.

"ನಮ್ಮ ಸೆರಗು ಬಣ್ಣ ಬಿಟ್ಟೈತಲ್ಲೋ!"

"ಈಗ ಚೆಲ್ಲಿ ಬರ್ತೇನಿ" ಅಂತ ಕ್ಯಾನು ಎತ್ತಿದ್ನಿ.

"ಎಲ್ಲಿ ಚೆಲ್ಲತಿ? ಗಟಾರದಾಗ ಕೆಂಪು ಹರದ್ರ ಓಣಿ ನೇಕಾರ ಮಂದಿಗೆಲ್ಲಾ ಗೊತ್ತಾಗ್ತೈತಿ! ಮನಿ ಮಾನ ಹೋಗ್ತೈತಿ!"

ಬಾಗಲಾ ಹಾಕಿದ್ಲು. ಚಿಲಕ ಹಾಕಿದ್ಲು. ಎರಡು ತಂಬಗಿ ತಂದು, ಒಂದು ನನ್ನ ಮುಂದ, ಒಂದು ತನ್ನ ಮುಂದ ಕುಕ್ಕಿದ್ಲು.

"ಕುಂದರು. ಒಂದು ಹನಿ ಉಳೀಬಾರ್ದು."