ಮುರ್ಗಾಬಿ ನೋಡಲು ಹೋದದ್ದು

ದೇವರು ನನಗೂ ಎರಡು ಕಣ್ಣು ಕೊಟ್ಟಿದ್ದಾನೆ, ಸುಳ್ಳೇಕೆ ಹೇಳಲಿ. ಆದರೆ ಈ ಪ್ರಪಂಚವನ್ನು ನಾನು ಬಹುಮಟ್ಟಿಗೆ ನಾಲಿಗೆಯಿಂದಲೇ ನೋಡಿದವನು. ಉಪ್ಪು ನೋಡಿದ್ದೇನೆ, ಖಾರ ನೋಡಿದ್ದೇನೆ, ಓಣಿಯ ಪ್ರತಿ ಮನೆಯ ಸಾರು ನೋಡಿದ್ದೇನೆ. ಶಹಾಬಾದಿಗೆ ಹೆಣ್ಣು ನೋಡಲು ಹೋಗಿ ಬಂದಾಗ, "ಹೆಂಗದಾಳೋ?" ಎಂದು ಅವ್ವ ಕೇಳಿದರೆ, "ಚುರಮುರಿ ಸುಸಲಾ ಭಾಳ ಛಲೋ ಇತ್ತವ್ವಾ" ಎಂದೆ. ಮದುವೆಯೇನೋ ಆಯಿತು, ಆ ಮಾತನ್ನು ಹೆಂಡತಿ ಇಂದಿಗೂ ಮರೆತಿಲ್ಲ.

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಇನ್ನೂ ಬಂದಿರಲಿಲ್ಲ. ನಾನಾಗ ಚಿಂಚೋಳಿಯಲ್ಲಿ ಕಾರಕೂನ. ನೆರೆಮನೆಯ ಮುದುಕ ಖಾಜಾಸಾಬರು ಒಂದು ಕಾಲಕ್ಕೆ ದೊಡ್ಡವರ ಶಿಕಾರಿಗೆ ದಾರಿ ತೋರಿಸುತ್ತಿದ್ದವರು. ಚಳಿಗಾಲದ ಒಂದು ದಿನ, "ಗುಡ್ಡದ ಮ್ಯಾಲಿನ ಕೆರಿಗಿ ಮುರ್ಗಾಬಿ ಬಂದಾವ್ರಿ. ಐತ್ವಾರ ನೋಡ್ಲಿಕ್ಕ ಬರ್ರಿ," ಎಂದರು. ಮುರ್ಗಾಬಿ ಎಂದರೆ ಕಾಡುಬಾತು. ನನಗೆ ಬಾಯಲ್ಲಿ ನೀರೂರಿತು. ಸಂತೋಷ ತಡೆಯಲಾಗದೆ ಕಚೇರಿಯ ಸಾಹೇಬರಿಗೂ ಹೇಳಿಬಿಟ್ಟೆ. ಅವರು ಬೇಟೆಯ ಹುಚ್ಚಿನವರು. "ಮದಲ ನೀವು ಹೋಗಿ ಬರ್ರಿ. ಹಕ್ಕಿ ಇದ್ರ ಮುಂದಿನ ಐತ್ವಾರ ನಾ ಬಂದೂಕ ತರ್ತೀನಿ," ಎಂದರು.

ಭಾನುವಾರ ಹೆಂಡತಿಯಿಂದ ಖಾರ, ಕೊಬ್ಬರಿ ಅರೆಸಿ ಡಬ್ಬಿಗೆ ತುಂಬಿಕೊಂಡು, ಜೋಳದ ರೊಟ್ಟಿ ಕಟ್ಟಿಕೊಂಡು ಖಾಜಾಸಾಬರ ಹಿಂದೆ ಹೊರಟೆ. ಕೆಂಪು ಕಲ್ಲಿನ ಗುಡ್ಡ ಏರುವಷ್ಟರಲ್ಲಿ ಏದುಸಿರು. ಮೇಲೆ, ಯಾವ ಊರೂ ಕಾಣದ ಬಯಲಿನ ನಡುವೆ, ಜೊಂಡು ಸುತ್ತುವರಿದ ಕೆರೆ.

"ಬಲೆ ಎಲ್ರಿ ಖಾಜಾಸಾಬ್ರ? ಹಿಡಿಯೋದು ಹೆಂಗ?" ಎಂದು ಪಿಸುಗುಟ್ಟಿದೆ.

ಅವರು ನನ್ನ ಡಬ್ಬಿಯನ್ನೂ ಮುಖವನ್ನೂ ನೋಡಿದರು. "ಹಿಡಿಯೋದಾ? ನೋಡ್ಲಿಕ್ಕ ಬರ್ರಿ ಅಂದಿದ್ನಲ್ರಿ. ಕಣ್ಣಿಲೆ!"

ಅಷ್ಟರಲ್ಲಿ ಬಿಸಿಲು ನೀರಿಗೆ ಬಿತ್ತು. ನಾನು ಕಲ್ಲುಗುಂಡು ಅಂದುಕೊಂಡಿದ್ದೆಲ್ಲ ಕತ್ತು ಎತ್ತಿತು. ಬೆಳ್ಳನೆಯ ತಲೆ, ಅದರ ಹಿಂದೆ ಎರಡು ಕಪ್ಪು ಪಟ್ಟಿ. "ಹಿಮದ ಗುಡ್ಡ ದಾಟಿ ಬಂದಾವ್ರಿ ಇವು," ಎಂದರು ಖಾಜಾಸಾಬರು. ಒಂದು ಕೂಗಿತು, ಮರುಕ್ಷಣ ಕೆರೆಗೆ ಕೆರೆಯೇ ಎದ್ದಿತು. ನಮ್ಮ ತಲೆಯ ಮೇಲೇ ಹಾದುಹೋದವು. ರೆಕ್ಕೆಯ ಗಾಳಿ ಮುಖಕ್ಕೆ ಬಡಿಯಿತು. ನನಗೆ ಹಸಿವು ಮರೆತುಹೋಯಿತು. ಯಾಕೋ ಅಳು ಬಂತು. ಒಂದು ಗುಡ್ಡ ಹತ್ತಿಯೇ ನನ್ನ ಜೀವ ಬಾಯಿಗೆ ಬಂದಿತ್ತಲ್ಲ, ಇವು ಎಷ್ಟು ದೂರದಿಂದ ನಮ್ಮ ಚಿಂಚೋಳಿಯನ್ನು ಹುಡುಕಿಕೊಂಡು ಬಂದಿವೆ!

"ಬಂದೂಕದವರಿಗಿ ನಾನೇ ದಾರಿ ತೋರ್ಸೀನ್ರಿ, ಭಾಳ ಪಾಪ ಮಾಡೀನಿ," ಎಂದರು ಖಾಜಾಸಾಬರು. "ಅವರೆಲ್ಲ ಹೋದ್ರು, ಈಗ ಈ ಕೆರಿ ಯಾರಿಗೂ ಗೊತ್ತಿಲ್ಲ. ನೀವೂ ಹೇಳಬ್ಯಾಡ್ರಿ."

ಸಾಹೇಬರಿಗೆ ಹೇಳಿಯಾಗಿತ್ತಲ್ಲ! ಗುಡ್ಡ ಇಳಿಯುವ ಉದ್ದಕ್ಕೂ ಏನು ಸುಳ್ಳು ಹೇಳುವುದೆಂದು ಯೋಚಿಸುತ್ತ ಬಂದೆ.

ಸೋಮವಾರ ಸಾಹೇಬರ ಮುಂದೆ ಕೈಕಟ್ಟಿ ನಿಂತೆ. ಸುಳ್ಳು ಹೇಳಿ ಅಭ್ಯಾಸವಿಲ್ಲ, ಆದರೂ ಹೇಳಿದೆ. "ಕೆರಿ ಬತ್ತ್ಯಾದ್ರಿ ಸಾಹೇಬ್ರ. ಒಂದು ಹಕ್ಕೀನೂ ಇಲ್ಲ." ಕೆದಕಿ ಕೇಳಿದರೆ ಸಿಕ್ಕಿಬೀಳುವುದು ಖಂಡಿತವಿತ್ತು. ಸಾಹೇಬರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಏನೂ ತಿನ್ನದ ಬಂದ್ರೇನು?"

"ಹೌದ್ರಿ."

"ಹಂಗಾರ ಖರೇನೇ ಇರಬೇಕು ಬಿಡ್ರಿ," ಎಂದು ಅವರು ಫೈಲು ಬಿಚ್ಚಿದರು. "ಒಂದು ಹಕ್ಕಿ ಇದ್ರೂ ನೀವು ಬಿಟ್ಟು ಬರೋ ಪೈಕಿ ಅಲ್ಲ."