ಹನುಮಾನ್ ಘಾಟಿನ ನೆಲದಾಮೆ

ಕಾಶಿಯಲ್ಲಿ ಆಮೆ ಸಾಕಿದವನು ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಮೆಟ್ಟಿಲು ಹತ್ತಿ ಕೋಣೆಗೆ ಬರುತ್ತವೆ.

ಎಪ್ಪತ್ತರ ದಶಕ. ಬಿ.ಎಸ್‌ಸಿ. ಮುಗಿಸಿ ಬ್ಯಾಂಕು ಸೇರಿದ ನನ್ನನ್ನು ವಾರಾಣಸಿಗೆ ಹಾಕಿದ್ದರು. ಹನುಮಾನ್ ಘಾಟಿನ ಗಲ್ಲಿಯಲ್ಲಿ, ಕನ್ನಡದ ಪುರೋಹಿತರೊಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗಿನ ಕೋಣೆಯಲ್ಲಿ ಹಾಸನದ ಕಡೆಯ ಅಜ್ಜಿಯೊಬ್ಬರು ಕಾಶೀವಾಸಕ್ಕೆಂದು ಬಂದು ನೆಲೆಸಿದ್ದರು. ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬ ಒಂದು ಆಮೆಮರಿಯನ್ನು ನನ್ನ ಕೈಗಿಟ್ಟು ರೈಲು ಹತ್ತಿದ. ಪೂರಿಯಷ್ಟು ಅಗಲ, ಪೂರಿಯಂತೆಯೇ ಉಬ್ಬಿದ ಬೆನ್ನು.

ಕಿಟಕಿಯ ಪಕ್ಕ ಮುಚ್ಚಳವಿಲ್ಲದ ಮರದ ಪೆಟ್ಟಿಗೆಯಿಟ್ಟು, ಮಣ್ಣು ಮರಳು ಬೆರೆಸಿ ತುಂಬಿ, ಗರಿಕೆ ನೆಟ್ಟೆ, ಮೆಂತ್ಯ ಬಿತ್ತಿದೆ. ಅಡಗಲು ಒಡೆದ ಮೊಸರಿನ ಕುಡಿಕೆ, ಕುಡಿಯಲು ಮಣ್ಣಿನ ತಟ್ಟೆ, ಗೋಡೆಗೊಂದು ಉಷ್ಣಮಾಪಕ. ಎಲ್ಲ ಕ್ರಮವಾಗಿತ್ತು. ಕ್ರಮಕ್ಕೆ ಬಾರದವರು ಜನ.

ಹಾಲಿನವನ ಸಲಹೆ

ಮೊದಲು ನೋಡಿದವನು ಹಾಲಿನವನು. "ಬಾಬೂಜಿ, ಗಂಗಾಜೀ ಮೇ ಡಾಲ್ ದೀಜಿಯೇ," ಎಂದ. ಗಂಗೆಗೆ ಹಾಕಿಬಿಡಿ ಎಂದು.

ಇದು ನೆಲದಾಮೆ, ಈಜಲು ಬಾರದು, ಹಾಕಿದರೆ ಮುಳುಗಿ ಸಾಯುತ್ತದೆ ಎಂದು ನನ್ನ ಹಿಂದಿಯಲ್ಲಿ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿ ಹಾಲು ಅಳೆದ.

"ಕಾಶಿಯಲ್ಲಿ, ಗಂಗೆಯಲ್ಲಿ ಸಾಯೋದಕ್ಕೆ ಜನ ಎಲ್ಲೆಲ್ಲಿಂದಲೋ ರೈಲಲ್ಲಿ ಬರ್ತಾರೆ. ಇದು ಇಲ್ಲೇ ಇದೆ. ನೀವ್ಯಾಕೆ ತಡೀತೀರಿ?"

ಅಂದಿನಿಂದ ನನಗೆ ಅದೊಂದೇ ಭಯ. ಮನೆಗೆ ಬಂದವರೆಲ್ಲ ಅದೇ ಸಲಹೆ ಕೊಡುತ್ತಿದ್ದರು. ಯಾವನೋ ಪುಣ್ಯವಂತ ನಾನಿಲ್ಲದಾಗ ಅದಕ್ಕೆ ಮೋಕ್ಷ ಕೊಡಿಸಿಬಿಟ್ಟರೆ?

ಗರಿಕೆ

ಗರಿಕೆ ದಿನದಿನವೂ ಕಡಿಮೆಯಾಗತೊಡಗಿತು. ನನಗೆ ಸಂತೋಷ. ಮರಿ ಚೆನ್ನಾಗಿ ತಿನ್ನುತ್ತಿದೆ ಎಂದು ಪುರೋಹಿತರ ಮುಂದೆ ಹೇಳಿಕೊಂಡೆ. ಅವರು "ಒಳ್ಳೇದಾಯ್ತು" ಎಂದು ಹೊರಟುಹೋದರು.

ಆದರೆ ಎಷ್ಟು ತಿಂದರೂ ಮರಿ ಬೆಳೆಯಲಿಲ್ಲ. ಕಾರಣ ತಿಳಿಯಲು ಒಂದು ಮುಂಜಾನೆ ಹೊದಿಕೆಯೊಳಗಿಂದಲೇ ಕಣ್ಣಿಟ್ಟೆ. ಮಡಿಯುಟ್ಟ ಪುರೋಹಿತರು ಬೆಕ್ಕಿನಂತೆ ಬಂದು, ಗರಿಕೆಯ ಎಳೆಗಳನ್ನು ಆರಿಸಿ ಕಿತ್ತು ಬೆಳ್ಳಿಬಟ್ಟಲಿಗೆ ಹಾಕಿಕೊಂಡರು.

"ಏನು ಸ್ವಾಮಿ ಇದು?" ಎಂದೆ.

ಅವರು ಸ್ವಲ್ಪವೂ ಬೆಚ್ಚಲಿಲ್ಲ. "ಗಣಪತಿ ಪೂಜೆಗೆ. ಗಲ್ಲೀಲಿ ಹುಲ್ಲಿರೋ ಕಡೆಯೆಲ್ಲ ದನ ಬಾಯಿ ಹಾಕಿರತ್ತೆ."

"ನನ್ನನ್ನು ಕೇಳಬಹುದಿತ್ತಲ್ಲ?"

"ನೀವು ಏಳೋ ಹೊತ್ತಿಗೆ ಅದೂ ಎದ್ದಿರತ್ತೆ. ಆಮೆ ತಿಂದು ಮಿಕ್ಕಿದ್ದನ್ನ ದೇವರಿಗಿಡೋಕಾಗತ್ತೇನ್ರಿ?"

ಏಕಾದಶಿ

ನಾನು ಬ್ಯಾಂಕಿಗೆ ಹೋದಾಗ ಆಮೆಯನ್ನು ನೋಡಿಕೊಳ್ಳುತ್ತಿದ್ದವರು ಅಜ್ಜಿ. ಒಂದು ಸಂಜೆ ಬಂದರೆ ಪೆಟ್ಟಿಗೆಯಲ್ಲಿ ನಾನಿಟ್ಟಿದ್ದ ಸೊಪ್ಪಿಲ್ಲ. ಮೆಂತ್ಯದ ಮೇಲೆ ಬಿದಿರಿನ ಬುಟ್ಟಿ ಕವುಚಿದೆ.

"ಇವತ್ತು ಏಕಾದಶಿ," ಎಂದರು ಅಜ್ಜಿ. "ಸಾಕ್ಷಾತ್ ಕೂರ್ಮಾವತಾರ. ಇದಕ್ಕೆ ಉಪವಾಸ ಇಲ್ಲದಿದ್ದರೆ ಇನ್ಯಾರಿಗೆ?"

"ಅಜ್ಜಿ, ಅದಿನ್ನೂ ಮರಿ."

ಅಜ್ಜಿ ಯೋಚಿಸಿದರು. ಮಕ್ಕಳಿಗೆ ಶಾಸ್ತ್ರದಲ್ಲಿ ರಿಯಾಯಿತಿ ಇದೆ, ಫಲಾಹಾರ ಆಗಬಹುದು ಎಂದು ಕೆಳಗಿಳಿದರು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಮಣ್ಣಿನ ತಟ್ಟೆಯ ತುಂಬ ಹಾಲು. ಹಾಲಿನ ನಡುವೆ ಆಮೆ, ಕತ್ತು ಮೇಲೆತ್ತಿಕೊಂಡು ನನ್ನನ್ನೇ ನೋಡುತ್ತಿತ್ತು.

ಆಮೆ ಹಾಲು ಕುಡಿಯಬಾರದು ಎನ್ನಲು ಬಾಯಿ ತೆರೆದೆ. ಅಜ್ಜಿ ಆಗಲೇ ಕೈಮುಗಿದಿದ್ದರು. "ನೋಡೋ, ಕ್ಷೀರಸಾಗರ."

ಸೌತೆಕಾಯಿ

ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ಕಾಯಿಯನ್ನೋ ಹಣ್ಣನ್ನೋ ಜನ್ಮಕ್ಕೆ ಬಿಡಬೇಕೆಂಬ ಪದ್ಧತಿಯಿದೆಯಷ್ಟೆ. ಅಜ್ಜಿ ಸೌತೆಕಾಯಿ ಬಿಟ್ಟಿದ್ದರು.

"ನೀನು ಏನು ಬಿಟ್ಟೆ?" ಎಂದು ನನ್ನನ್ನು ಕೇಳಿದರು.

"ಹಾಗಲಕಾಯಿ."

"ನಿನಗೆ ಹಾಗಲಕಾಯಿ ಸೇರತ್ತೇನು?"

"ಇಲ್ಲ."

"ಸೇರದ್ದನ್ನ ಬಿಡೋದಕ್ಕೆ ಕಾಶಿಗೆ ಯಾಕೆ ಬರಬೇಕಿತ್ತು? ಇಷ್ಟವಾದದ್ದನ್ನ ಬಿಡಬೇಕು ಕಣೋ."

ಆಮೆಗೆ ಸೌತೆಕಾಯಿಯೆಂದರೆ ಪ್ರಾಣ. ಮಧ್ಯಾಹ್ನ ಅದನ್ನು ಹೆಚ್ಚಿ ಕೊಡುವ ಕೆಲಸ ಅಜ್ಜಿಯದೇ. ಒಂದು ರಜೆಯ ದಿನ ನೋಡಿದೆ: ಒಂದೊಂದೇ ಹೋಳನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡು, ಆಮೇಲೆ ಆಮೆಯ ಮುಂದಿಡುತ್ತಿದ್ದರು.

"ಅಜ್ಜಿ, ಬಿಟ್ಟಿದ್ದೀರಿ ಅಂದಿರಲ್ಲ?"

"ನಾನು ಬಿಟ್ಟದ್ದು ತಿನ್ನೋದನ್ನ," ಎಂದು ಮುಂದಿನ ಹೋಳು ಎತ್ತಿಕೊಂಡರು.

ಕಾರ್ತಿಕ ಪೂರ್ಣಿಮೆ

ಅಂದು ಬ್ಯಾಂಕಿಗೆ ರಜೆ. ಬೆಳಿಗ್ಗೆ ಅಸ್ಸಿ ಘಾಟಿನ ಕಡೆ ಚಹಾಕ್ಕೆ ಹೋಗಿ ಬಂದೆ. ಪೆಟ್ಟಿಗೆ ಖಾಲಿ. ಕುಡಿಕೆಯಲ್ಲಿಲ್ಲ, ಮೆಂತ್ಯದ ಕೆಳಗಿಲ್ಲ, ಮಂಚದಡಿಯಲ್ಲೂ ಇಲ್ಲ.

ಪುರೋಹಿತರು ಗಂಧ ತೇಯುತ್ತಿದ್ದರು. "ಅಜ್ಜಿ ಸೆರಗಲ್ಲಿ ಏನೋ ಕಟ್ಟಿಕೊಂಡು ಘಾಟಿಗೆ ಹೋದರು. ದೊಡ್ಡ ಪರ್ವ ಅಲ್ವೇ?"

ಚಪ್ಪಲಿ ಮೆಟ್ಟದೆ ಓಡಿದೆ. ಘಾಟಿನ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಜನರ ನಡುವೆ ನುಗ್ಗಿ ಇಳಿದರೆ, ಅಜ್ಜಿ ಸೊಂಟದವರೆಗೆ ನೀರಲ್ಲಿ ನಿಂತಿದ್ದರು. ಎರಡೂ ಕೈ ಜೋಡಿಸಿದ್ದರು. ಸೆರಗು ಖಾಲಿ.

"ಆಮೆ ಎಲ್ಲಿ ಅಜ್ಜಿ?" ಎಂದು ಕೂಗಿದೆ.

ಅಜ್ಜಿ ಗಲ್ಲದಿಂದ ಮೆಟ್ಟಿಲ ಕಡೆ ತೋರಿಸಿದರು. ಅವರ ಒಣ ಸೀರೆಯ ಮೇಲೆ, ಬೆನ್ನಿಗೆ ಕುಂಕುಮ ಹಚ್ಚಿಸಿಕೊಂಡ ಆಮೆ, ಯಾರದೋ ಪೂಜೆಯ ಚೆಂಡುಹೂವನ್ನು ಜಗಿಯುತ್ತಿತ್ತು.

ಅಜ್ಜಿ ನೀರಿನಿಂದ ಮೇಲೆ ಬಂದರು. ನಾನು ಆಮೆಯ ಪಕ್ಕ ಕೂತೆ. "ನೀರಿಗೆ ಬಿಟ್ಟೇಬಿಟ್ಟಿರಿ ಅಂದುಕೊಂಡೆ."

"ಮುಳುಗತ್ತೆ ಮುಳುಗತ್ತೆ ಅಂತ ವರ್ಷವೆಲ್ಲ ಹೇಳಿದೀಯ. ನನಗೇನು ಕಿವಿ ಇಲ್ವೇ?"

"ಮತ್ತೆ ಯಾಕೆ ತಂದಿರಿ?"

"ಇದೂ ಕಾಶಿಗೆ ಬಂದಿದೆಯಲ್ಲ. ಏನಾದರೂ ಬಿಡಲೇಬೇಕು. ಅದಕ್ಕೆ ಮಾತು ಬರಲ್ಲ, ನಾನೇ ಅದರ ಪರವಾಗಿ ಸಂಕಲ್ಪ ಮಾಡಿದೆ."

ಸೌತೆಕಾಯಿಯೇ ಇರಬೇಕು. "ಏನು ಬಿಡಿಸಿದಿರಿ?"

"ಗಂಗಾಸ್ನಾನ," ಎಂದರು ಅಜ್ಜಿ. "ಇನ್ನು ಆ ಹಾಲಿನವನು ಗಂಗೆಗೆ ಹಾಕು ಅಂದರೆ, ವ್ರತಭಂಗ ಆಗತ್ತೆ ಅಂತ ಹೇಳು. ಯಾರೂ ಮುಟ್ಟಲ್ಲ."

ಸಮಾಧಾನದಿಂದ ಸುಮ್ಮನಿರಬಹುದಿತ್ತು. ಆದರೆ ಲೆಕ್ಕ ತಪ್ಪಿದರೆ ನನಗೆ ತಡೆಯುವುದಿಲ್ಲ.

"ಅಜ್ಜಿ, ಇಷ್ಟವಾದದ್ದನ್ನೇ ಬಿಡಬೇಕು ಅಂದವರು ನೀವು. ಇದಕ್ಕೆ ನೀರು ಕಂಡರೇ ಆಗುವುದಿಲ್ಲ."

ಅಜ್ಜಿ ಒಮ್ಮೆ ನದಿಯ ಕಡೆ ತಿರುಗಿ ನೋಡಿದರು. ಆಮೇಲೆ ನನ್ನ ಹತ್ತಿರ ಬಾಗಿ ದನಿ ತಗ್ಗಿಸಿದರು.

"ಅದು ಗಂಗಮ್ಮನಿಗೆ ಗೊತ್ತಿಲ್ಲ. ನೀನು ಹೇಳಬೇಡ."